ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದೇನೆ. ಸೋಲಾರ್ ಲೈನ್‌ನಲ್ಲಿ ನಿಜವಾಗಲೂ ಕೆಲಸ ಇದೆಯಾ?

ಚಳ್ಳಕೆರೆ ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 22 ವರ್ಷ, ಊರು ಚಳ್ಳಕೆರೆ ಹತ್ತಿರ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಈಗ ಪೀಣ್ಯದಲ್ಲಿ ಕಾಂಟ್ರಾಕ್ಟ್ ಮೇಲೆ ಇದ್ದೇನೆ. ಕಂಟ್ರೋಲ್ ಪ್ಯಾನೆಲ್ ವೈರಿಂಗ್ ಕೆಲಸ. ರೂಮ್ ಬಾಡಿಗೆ, ಊಟ, ಬಸ್ಸು ಅಂತ ಕಳೆದರೆ ಮನೆಗೆ ಕಳಿಸಲು ಏನೂ ಉಳಿಯುವುದಿಲ್ಲ. ಊರಲ್ಲಿ ಅಪ್ಪ ನಾಲ್ಕು ಎಕರೆಗೆ ಶೇಂಗಾ ಹಾಕುತ್ತಾರೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಸಾಲ.

ನಮ್ಮ ಕಡೆ ಗುಡ್ಡದ ಮೇಲೆಲ್ಲ ಗಾಳಿ ಫ್ಯಾನು. ಪಾವಗಡದ ಕಡೆ ಹೋದರೆ ಕಣ್ಣು ಹಾಯುವಷ್ಟು ದೂರ ಸೋಲಾರ್. ಪೇಪರ್‌ನಲ್ಲಿ ನೋಡಿದರೆ ಇದರಿಂದ ಲಕ್ಷಗಟ್ಟಲೆ ಉದ್ಯೋಗ ಅಂತ ಬರುತ್ತದೆ. ಆದರೆ ನಮ್ಮೂರಿನವರಲ್ಲಿ ನನಗೆ ಗೊತ್ತಿರುವುದು ಇಬ್ಬರು ಸೆಕ್ಯುರಿಟಿ ಗಾರ್ಡ್ ಮಾತ್ರ. ಈಗ ಒಂದು ಖಾಸಗಿ ತರಬೇತಿ ಕೇಂದ್ರದವರು ಮೂರು ತಿಂಗಳ ಸೋಲಾರ್ ಕೋರ್ಸ್ ಇದೆ, ಫೀಸ್ 45 ಸಾವಿರ, ಕೆಲಸ ಗ್ಯಾರಂಟಿ ಅಂತಿದ್ದಾರೆ. ಮಾವ ಅದು ದುಡ್ಡು ದಂಡ ಅಂತಾರೆ. ಫೀಲ್ಡ್‌ನಲ್ಲಿ ಇರುವವರು ದಯವಿಟ್ಟು ಹೇಳಿ. ಸೇರಲಾ, ಬೇಡವಾ? ಊರ ಹತ್ತಿರವೇ ಇದ್ದು ದುಡಿಯುವ ಹಾಗೆ ಈ ಲೈನ್‌ನಲ್ಲಿ ಏನಾದರೂ ಇದೆಯಾ?

ಶಿರಾ ಸೋಲಾರ್ ಉತ್ತರ:

ತಮ್ಮಾ, ಮೊದಲು ಒಂದು ಮಾತು. 45 ಸಾವಿರ ಕಟ್ಟಬೇಡ. ಸೂರ್ಯಮಿತ್ರ ಅಂತ ಕೇಂದ್ರ ಸರ್ಕಾರದ ತರಬೇತಿ 2015ರಿಂದ ಇದೆ. ನಿನ್ನಂಥ ಐಟಿಐ ಹುಡುಗರಿಗೇ ಅಂತ ಮಾಡಿದ್ದು, ಅದಕ್ಕೆ ಫೀಸ್ ಇಲ್ಲ. ಬ್ಯಾಚ್ ಯಾವಾಗ, ಎಲ್ಲಿ ಅಂತ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸು. ಅದು ಸಿಗದಿದ್ದರೂ ಚಿಂತೆ ಇಲ್ಲ, ಯಾರಾದರೂ ಒಳ್ಳೆ ಇನ್‌ಸ್ಟಾಲರ್ ಕೈಕೆಳಗೆ ಸೇರಿಕೋ. ಕೆಲಸ ಗ್ಯಾರಂಟಿ ಅಂತ ಮೊದಲೇ ದುಡ್ಡು ಕೇಳುವವರನ್ನು ನಾನಂತೂ ನಂಬುವುದಿಲ್ಲ.

ಈಗ ಕೆಲಸದ ವಿಷಯ. ನಾನು 2018, 19ರಲ್ಲಿ ಪಾವಗಡದ ಸೋಲಾರ್ ಪಾರ್ಕ್ ಕಟ್ಟುವಾಗ ಒಬ್ಬ ಸಬ್ ಕಾಂಟ್ರಾಕ್ಟರ್ ಕೈಕೆಳಗೆ ಎಲೆಕ್ಟ್ರಿಷಿಯನ್ ಆಗಿದ್ದೆ. ಆಗ ಅಲ್ಲಿ ಜಾತ್ರೆಯಷ್ಟು ಜನ. ಕಂಬ ಹೊಡೆಯುವ ಪೈಲಿಂಗ್ ಗಾಡಿಗಳು, ಪ್ಯಾನೆಲ್ ಇಳಿಸುವ ಲಾರಿಗಳು, ಕೇಬಲ್‌ಗೆ ಟ್ರೆಂಚ್ ತೆಗೆಯುವ ಜೆಸಿಬಿಗಳು. ಬಿಹಾರ, ಒಡಿಶಾದಿಂದ ಗ್ಯಾಂಗ್‌ಗಳು ಬಂದಿದ್ದವು. ನಮ್ಮ ಸುತ್ತಲಿನ ಹುಡುಗರು ಹೆಲ್ಪರ್ ಆಗಿ ಸೇರಿದ್ದರು. ಪಾರ್ಕ್ ಪಕ್ಕದ ತಿರುಮಣಿಯಲ್ಲಿ ಹೋಟೆಲ್, ರೂಮ್ ಬಾಡಿಗೆ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಜೋರಾಗಿತ್ತು. 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿ ಆಯಿತು. ಪಾರ್ಕ್ ಮುಗಿಯಿತು, ನಮ್ಮ ಕೆಲಸವೂ ಮುಗಿಯಿತು. ಆಮೇಲೆ ಉಳಿದದ್ದು ಕಾವಲು, ಹುಲ್ಲು ಕೀಳುವುದು, ಪ್ಯಾನೆಲ್ ತೊಳೆಯುವುದು, ಮತ್ತೆ ಕಂಟ್ರೋಲ್ ರೂಮಿನಲ್ಲಿ ಕೆಲವೇ ಕೆಲವು ಇಂಜಿನಿಯರ್‌ಗಳು. ಅದಕ್ಕೇ ನಿನ್ನ ಕಣ್ಣಿಗೆ ಇಬ್ಬರು ಗಾರ್ಡ್ ಮಾತ್ರ ಕಂಡಿದ್ದು.

ಇದು ನನ್ನೊಬ್ಬನ ಅನುಭವ ಅಷ್ಟೇ ಅಲ್ಲ. ದೆಹಲಿಯ ಸಿಇಇಡಬ್ಲ್ಯೂ ಅನ್ನುವ ಸಂಶೋಧನಾ ಸಂಸ್ಥೆ ಮತ್ತು ಅಮೆರಿಕದ ಎನ್‌ಆರ್‌ಡಿಸಿ ಅನ್ನುವ ಪರಿಸರ ಸಂಸ್ಥೆ ಸೇರಿ ಒಂದು ಲೆಕ್ಕ ಹಾಕಿದ್ದವು. ಒಬ್ಬನಿಗೆ ಒಂದು ವರ್ಷದ ಕೆಲಸವನ್ನು ಒಂದು ಅಂತ ಹಿಡಿದರೆ, 1 ಮೆಗಾವ್ಯಾಟ್ ನೆಲದ ಮೇಲಿನ ಸೋಲಾರ್ ಕೊಡುವುದು 3.45. ಗಾಳಿ 1.27. ಮನೆ, ಅಂಗಡಿ ಛಾವಣಿ ಮೇಲಿನ ಸೋಲಾರ್ 24.72. ಅಂದರೆ ಪಾರ್ಕ್‌ಗಿಂತ ಏಳು ಪಟ್ಟು.

ಯಾಕೆ ಅಂತ ಯೋಚಿಸು. ಮನೆಗೆ 3 ಕಿಲೋವ್ಯಾಟ್‌ನಂತೆ 1 ಮೆಗಾವ್ಯಾಟ್ ಆಗಬೇಕು ಅಂದರೆ ಮುನ್ನೂರು ಚಿಲ್ಲರೆ ಮನೆ ಹತ್ತಬೇಕು. ಪ್ರತಿ ಮನೆಗೂ ಹೋಗಿ ಛಾವಣಿ ಅಳತೆ, ನೆರಳು ಎಲ್ಲಿ ಬೀಳುತ್ತದೆ ಅಂತ ನೋಡುವುದು, ಸ್ಟ್ರಕ್ಚರ್, ಅರ್ಥಿಂಗ್, ವೈರಿಂಗ್, ನೆಟ್ ಮೀಟರ್ (ಮನೆಯಲ್ಲಿ ಉಳಿದು ಲೈನ್‌ಗೆ ಹೋದ ಕರೆಂಟನ್ನೂ ಎಣಿಸುವ ಮೀಟರ್) ಅರ್ಜಿ, ಸೆಕ್ಷನ್ ಆಫೀಸಿಗೆ ಓಡಾಟ, ಸಬ್ಸಿಡಿ ಕಾಗದ. ಪ್ರತಿ ಮನೆಯೂ ಬೇರೆ. ಒಂದರಲ್ಲಿ ನೀರಿನ ಟ್ಯಾಂಕ್ ಅಡ್ಡ, ಇನ್ನೊಂದರಲ್ಲಿ ಪಕ್ಕದವರ ತೆಂಗಿನ ಮರ. ಇದನ್ನು ಯಾವ ಮಶೀನೂ ಮಾಡುವುದಿಲ್ಲ. ದೂರದ ಗ್ಯಾಂಗ್ ಬಂದು ಮಾಡಿದರೆ ಅವರಿಗೆ ಗಿಟ್ಟುವುದೂ ಇಲ್ಲ. ತಾಲೂಕಿನಲ್ಲೇ ಇರುವವನು ಮಾಡಬೇಕು. ನೀನು ಊರ ಹತ್ತಿರದ ಕೆಲಸ ಕೇಳಿದೆಯಲ್ಲ, ಅದು ಇಲ್ಲಿದೆ.

ನಾನು ಈಗ ಮಾಡುತ್ತಿರುವುದು ಇದನ್ನೇ. ಶಿರಾ, ಹಿರಿಯೂರು ಕಡೆ ಛಾವಣಿ ಮತ್ತು ಸೋಲಾರ್ ಪಂಪ್‌ಸೆಟ್. ನನ್ನ ಜೊತೆ ನಾಲ್ಕು ಹುಡುಗರಿದ್ದಾರೆ. ಪೋರ್ಟಲ್ ಅರ್ಜಿ, ಬ್ಯಾಂಕ್ ಲೋನ್ ಕಾಗದ ನೋಡಿಕೊಳ್ಳಲು ಬಿ.ಕಾಂ ಓದಿದ ನಮ್ಮೂರ ಹುಡುಗಿ ಇದ್ದಾಳೆ. ಅವಳಿಲ್ಲದಿದ್ದರೆ ನಮ್ಮ ಅರ್ಧ ಕೆಲಸ ನಿಂತು ಹೋಗುತ್ತದೆ.

ಕಷ್ಟವೂ ಇದೆ, ಕೇಳಿಸಿಕೋ. 2024ರಲ್ಲಿ ಮನೆ ಛಾವಣಿ ಸೋಲಾರ್‌ಗೆ ಅಂತ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ ಬಂತು, 3 ಕಿಲೋವ್ಯಾಟ್‌ಗೆ 78,000 ಸಬ್ಸಿಡಿ. ಆದರೆ ನಮ್ಮ ರಾಜ್ಯದಲ್ಲಿ 2023ರಿಂದ ಗೃಹಜ್ಯೋತಿ ಇದೆ. ತಿಂಗಳಿಗೆ 200 ಯೂನಿಟ್ ಒಳಗಿನ ಬಹಳಷ್ಟು ಮನೆಗೆ ಬಿಲ್ಲೇ ಬರುವುದಿಲ್ಲ. ಅಂಥ ಮನೆಗೆ ಹೋಗಿ ಸೋಲಾರ್ ಹಾಕಿಸಿ ಅಂದರೆ ಯಾಕಪ್ಪಾ ಅಂತ ಕೇಳುತ್ತಾರೆ. ಬಡವರ ಮನೆಗೆ ಅದು ದೊಡ್ಡ ಆಸರೆ, ನನ್ನ ತಕರಾರಿಲ್ಲ. ಆದರೆ ನಮ್ಮ ಗಿರಾಕಿ ಯಾರು ಅಂತ ನಿನಗೆ ಗೊತ್ತಿರಬೇಕು. ಎಸಿ ಹಾಕಿಸಿದ ಮನೆಗಳು, ಕಲ್ಯಾಣ ಮಂಟಪ, ಹಾಸ್ಟೆಲ್, ಕೋಳಿ ಫಾರಂ, ಅಡಿಕೆ ಸುಲಿಯುವ ಶೆಡ್, ಪೆಟ್ರೋಲ್ ಬಂಕ್. ಅಂಗಡಿ, ಫ್ಯಾಕ್ಟರಿಗೆ ಈ ಸಬ್ಸಿಡಿ ಇಲ್ಲ. ಆದರೂ ಅವರ ಯೂನಿಟ್ ದರ ಜಾಸ್ತಿ ಇರುವುದರಿಂದ ಹಾಕಿಸಿದ ದುಡ್ಡು ಬೇಗ ವಾಪಸ್ ಬರುತ್ತದೆ.

ಇನ್ನೊಂದು, ಕೈಯಲ್ಲಿ ಬಂಡವಾಳ ಬೇಕು. ಪ್ಯಾನೆಲ್, ಇನ್ವರ್ಟರ್‌ಗೆ ಡೀಲರ್ ಮೊದಲೇ ದುಡ್ಡು ಕೇಳುತ್ತಾನೆ. ಸಬ್ಸಿಡಿ ಬರುವುದು ಮನೆಯವರ ಖಾತೆಗೆ, ಅದೂ ಮೀಟರ್ ಕೂತ ಮೇಲೆ. ಮಧ್ಯದ ವಾರಗಳನ್ನು ತಡೆದುಕೊಳ್ಳಲಾಗದೆ ಬಾಗಿಲು ಹಾಕಿದ ಸಣ್ಣ ಇನ್‌ಸ್ಟಾಲರ್‌ಗಳನ್ನು ನೋಡಿದ್ದೇನೆ. ಅದಕ್ಕೆ ಎರಡು ಮೂರು ವರ್ಷ ಇನ್ನೊಬ್ಬರ ಕೈಕೆಳಗೆ ಕಲಿ, ಆಮೇಲೆ ಸ್ವಂತದ್ದು ನೋಡು.

ಗದಗ ಗಾಳಿ:

ನಾನು ವಿಂಡ್ ಟರ್ಬೈನ್ ಸರ್ವಿಸ್ ಟೆಕ್ನಿಷಿಯನ್. ಶಿರಾ ಅಣ್ಣ ಹೇಳಿದ ಲೆಕ್ಕ ಸರಿ, ನಮ್ಮಲ್ಲಿ ಬೇಕಾಗುವ ಜನ ಕಡಿಮೆ. ಆದರೆ ಸಿಕ್ಕರೆ ಗಟ್ಟಿ ಕೆಲಸ. 2024-25ರಲ್ಲಿ ದೇಶದಲ್ಲೇ ಅತಿ ಹೆಚ್ಚು ಗಾಳಿ ವಿದ್ಯುತ್ ಸಾಮರ್ಥ್ಯ ಸೇರಿಸಿದ್ದು ಕರ್ನಾಟಕ, 1,331 ಮೆಗಾವ್ಯಾಟ್. ಹಾಕಿದ ಫ್ಯಾನ್‌ಗೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಸರ್ವಿಸ್ ಬೇಕೇ ಬೇಕು.

ನಮಗೆ ಬೇಸಿಗೆಯೇ ಸುಗ್ಗಿ. ಆಷಾಢದ ಗಾಳಿ ಹತ್ತುವ ಮುಂಚೆ ಎಲ್ಲ ಟವರ್‌ನ ಗ್ರೀಸ್, ಆಯಿಲ್, ಬೋಲ್ಟ್ ಟಾರ್ಕ್ ಮುಗಿಸಬೇಕು. ಗಾಳಿ ಬಂದಾಗ ಮಶೀನ್ ನಿಂತರೆ ಕಂಪನಿಗೆ ನಷ್ಟ. ಹೊಸ ಟವರ್‌ಗಳು 120, 140 ಮೀಟರ್ ಎತ್ತರ. ಎತ್ತರದ ಭಯ ಇದ್ದರೆ ಬರಬೇಡ, ಸುಮ್ನೆ ಧೈರ್ಯ ತೋರಿಸಲು ಹತ್ತುವ ಜಾಗ ಅಲ್ಲ. ಭಯ ಇಲ್ಲ ಅಂದರೆ ಚಿತ್ರದುರ್ಗ, ಗದಗ, ಕೊಪ್ಪಳ, ವಿಜಯಪುರ ಎಲ್ಲ ಕಡೆ ಸೈಟ್ ಇವೆ. ಐಟಿಐ, ಡಿಪ್ಲೊಮಾದವರನ್ನು ತೆಗೆದುಕೊಳ್ಳುತ್ತಾರೆ. ಮೆಡಿಕಲ್ ಟೆಸ್ಟ್ ಕಟ್ಟುನಿಟ್ಟು.

ತಿರುಮಣಿ ಸೊಸೆ:

ನಮ್ಮ ಮನೆಯ ಒಂಬತ್ತು ಎಕರೆ ಪಾರ್ಕ್‌ಗೆ ಲೀಸ್‌ಗೆ ಹೋಗಿದೆ. ಹೊರಗಿನವರು ಬರೆಯುವುದು ಒಂದೋ ಸ್ವರ್ಗ ಆಯಿತು ಅಂತ, ಇಲ್ಲವೇ ಎಲ್ಲ ಹಾಳಾಯಿತು ಅಂತ. ಎರಡೂ ಅಲ್ಲ.

ಐದು ಹಳ್ಳಿಯ ಸುಮಾರು 13,000 ಎಕರೆ ಹೋಯಿತು. ಮಾರಿಸಿಕೊಳ್ಳಲಿಲ್ಲ, ಲೀಸ್. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ನಮ್ಮದು ಬರದ ತಾಲೂಕು. ಕಡಲೆಕಾಯಿ ಹಾಕಿ ಬಿತ್ತನೆ ಬೀಜದ ದುಡ್ಡೂ ಬಾರದ ವರ್ಷಗಳನ್ನು ನಮ್ಮ ಮಾವ ಎಷ್ಟೋ ಕಂಡಿದ್ದಾರೆ. ಈ ದುಡ್ಡಿನಿಂದ ಸಾಲ ತೀರಿತು. ನನ್ನ ಮಗಳು ತುಮಕೂರಿನಲ್ಲಿ ಓದುತ್ತಿದ್ದಾಳೆ. ಇದನ್ನು ನಾನು ಯಾರ ಎದುರಿಗೂ ಹೇಳುತ್ತೇನೆ.

ಆದರೆ ನಮ್ಮ ಹೊಲಕ್ಕೆ ಕಳೆ ತೆಗೆಯಲು, ಕಾಯಿ ಬಿಡಿಸಲು ಬರುತ್ತಿದ್ದ ಹೆಂಗಸರು? ಅವರಿಗೆ ಭೂಮಿ ಇರಲಿಲ್ಲ, ಹಾಗಾಗಿ ಲೀಸ್ ದುಡ್ಡೂ ಇಲ್ಲ. ಹೊಲ ಹೋದ ಮೇಲೆ ಕೂಲಿಯೂ ಹೋಯಿತು. ಕೆಲವರಿಗೆ ಪ್ಯಾನೆಲ್ ತೊಳೆಯುವ ಕೆಲಸ ಸಿಕ್ಕಿತು. ಈಗೀಗ ಕೆಲವು ಕಡೆ ಅದಕ್ಕೂ ರೋಬೋ ಬಂದಿದೆ. ಕುರಿ ಮೇಯಿಸುವವರು ಬೇಲಿ ಸುತ್ತಿ ಸುತ್ತಿ ಸಾಕಾಗಿ ಮಂದೆ ಮಾರಿದರು. ನಮ್ಮ ಬೀದಿಯ ಮೂರು ಮನೆಯವರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾರೆ, ಹಬ್ಬಕ್ಕೆ ಮಾತ್ರ ಬರುತ್ತಾರೆ. ಉದ್ಯೋಗ ಎಷ್ಟು ಬಂತು ಅಂತ ಲೆಕ್ಕ ಹಾಕುವವರು ಎಷ್ಟು ಹೋಯಿತು ಅನ್ನುವುದನ್ನೂ ಅದೇ ಹಾಳೆಯಲ್ಲಿ ಬರೆಯಬೇಕು.

ತಮ್ಮಾ, ನಿಮ್ಮ ತಂದೆಯ ಹತ್ತಿರ ಯಾರಾದರೂ ಲೀಸ್ ಕೇಳಿಕೊಂಡು ಬಂದರೆ ಏಜೆಂಟ್ ಮಾತಿಗೆ ಸಹಿ ಹಾಕಬೇಡಿ. ಏರಿಕೆ ಎಷ್ಟು, ಎಷ್ಟು ವರ್ಷ, ಮನೆಯ ಒಬ್ಬರಿಗೆ ಕೆಲಸ ಅಂತ ಕಾಗದದಲ್ಲಿ ಇದೆಯಾ, ಇದನ್ನೆಲ್ಲ ಓದಿಸಿಕೊಂಡು ಆಮೇಲೆ ಮಾತಾಡಿ.

ಬೆಳಗಾವಿ ಫೌಂಡ್ರಿ:

ಎಲ್ಲರೂ ಪವರ್ ಹುಟ್ಟುವ ಜಾಗದ ಕೆಲಸ ಮಾತ್ರ ಎಣಿಸುತ್ತಿದ್ದೀರಿ. ಪವರ್ ಬಳಸುವ ಜಾಗದ ಕೆಲಸ ಎಣಿಸುವವರು ಯಾರು?

ನಮ್ಮದು ಉದ್ಯಮಬಾಗದಲ್ಲಿ ಸಣ್ಣ ಫೌಂಡ್ರಿ. ಇಂಡಕ್ಷನ್ ಫರ್ನೇಸ್‌ನಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ಬೇಕು. ಯೂನಿಟ್‌ಗೆ ಒಂದು ರೂಪಾಯಿ ಕಡಿಮೆಯಾದರೆ ಟನ್‌ಗೆ 600 ರೂಪಾಯಿ ಉಳಿಯಿತು. ಕಾಸ್ಟಿಂಗ್ ಧಂದೆಯಲ್ಲಿ ಆರ್ಡರ್ ಸಿಗುವುದು, ತಪ್ಪುವುದು ಇಷ್ಟರಲ್ಲೇ. ನಮ್ಮಂಥ ಕೆಲವರು ಸೇರಿ ಗ್ರೂಪ್ ಕ್ಯಾಪ್ಟಿವ್‌ನಲ್ಲಿ, ಅಂದರೆ ಒಂದೇ ಪ್ಲಾಂಟ್‌ಗೆ ಎಲ್ಲರೂ ಪಾಲು ಹಾಕಿ, ಸೋಲಾರ್, ಗಾಳಿ ಪವರ್ ತೆಗೆದುಕೊಳ್ಳುತ್ತಿದ್ದೇವೆ. ಅದಕ್ಕೇ ನಾನು ಮೋಲ್ಡಿಂಗ್‌ಗೆ ಎರಡನೇ ಶಿಫ್ಟ್ ಇಟ್ಟುಕೊಂಡಿದ್ದೇನೆ. ಯುರೋಪಿಗೆ ಮಾಲು ಹೋಗುವ ಕಂಪನಿಗಳು ಈಗ ನಮ್ಮಂಥ ಸಪ್ಲೈಯರ್‌ಗೂ ಕಾರ್ಬನ್ ಲೆಕ್ಕ ಕೇಳುತ್ತಿವೆ. ಕಲ್ಲಿದ್ದಲಿನ ಕರೆಂಟ್ ಬಳಸಿದ ಮಾಲಿಗೆ ಮುಂದೆ ಗಿರಾಕಿ ಕಡಿಮೆ.

ಈ ಕರೆಂಟ್ ಛಾವಣಿಯಿಂದ ಬರುವುದಿಲ್ಲ ಸರ್. ನನ್ನ ಶೆಡ್ ಮೇಲೆ ಪೂರ್ತಿ ಪ್ಯಾನೆಲ್ ಹಾಸಿದರೂ ಫರ್ನೇಸ್‌ಗೆ ಸಾಲದು. ದೊಡ್ಡ ಪಾರ್ಕ್ ಬೇಕೇ ಬೇಕು. ಅದಕ್ಕೆ ಬೈಯಬೇಡಿ.

ಶಿರಾ ಸೋಲಾರ್:

ಫೌಂಡ್ರಿ ಸರ್, ನೀವು ಹೇಳಿದ್ದನ್ನು ಒಪ್ಪುತ್ತೇನೆ. ದೊಡ್ಡ ಪಾರ್ಕ್ ಬೇಡ ಅಂತ ನಾನು ಹೇಳಿಲ್ಲ. ಅಗ್ಗದ ಕರೆಂಟ್‌ನಿಂದ ನಿಮ್ಮಲ್ಲಿ ಒಂದು ಶಿಫ್ಟ್ ಉಳಿದಿದೆ ಅಂದರೆ ಅದು ನಿಜವಾದ ಉದ್ಯೋಗವೇ. ಆದರೆ ನೋಡಿ, ಆ ಶಿಫ್ಟ್ ಇರುವುದು ಬೆಳಗಾವಿಯಲ್ಲಿ. ಈ ಹುಡುಗ ಬಾಡಿಗೆ ಕಟ್ಟಿಕೊಂಡು ಇರುವುದು ಪೀಣ್ಯದಲ್ಲಿ. ಭೂಮಿ ಕೊಟ್ಟದ್ದು ಪಾವಗಡ. ತಿರುಮಣಿ ಅಕ್ಕ ಹೇಳಿದ ಕೂಲಿ ಹೆಂಗಸರಿಗೆ ಬೆಳಗಾವಿಯ ಶಿಫ್ಟ್‌ನಿಂದ ಏನು ಬಂತು? ನಾನು ಕೇಳುವುದು ಇಷ್ಟೇ. ಭೂಮಿ, ಬಿಸಿಲು ಕೊಟ್ಟ ತಾಲೂಕಿನಲ್ಲೂ ಕೆಲಸ ಉಳಿಯಬೇಕು.

ಅದಕ್ಕೆ ದಾರಿ ಇದೆ. ಒಂದು, ನಾನು ಆಗಲೇ ಹೇಳಿದ ಛಾವಣಿ. ಇನ್ನೊಂದು, ಕೇಂದ್ರದ ಪಿಎಂ ಕುಸುಮ್ ಸಿ ಯೋಜನೆ. ಹಳ್ಳಿಯ ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೋಲಾರ್ ಪ್ಲಾಂಟ್ ಹಾಕಿ ಪಂಪ್‌ಸೆಟ್ ಫೀಡರ್‌ಗೆ ಹಗಲು ಕರೆಂಟ್ ಕೊಡುವುದು. ಗೌರಿಬಿದನೂರಿನ ತೊಂಡೇಭಾವಿಯಲ್ಲಿ 2025ರ ಜೂನ್‌ನಲ್ಲಿ ಅಂಥದ್ದೊಂದು ಉದ್ಘಾಟನೆ ಆಯಿತು. ಇದರಲ್ಲಿ ನನಗೆ ಹಿಡಿಸಿದ್ದು ಏನೆಂದರೆ, ಒಂದೇ ಕಡೆ 13,000 ಎಕರೆ ಬೇಡ. ಪ್ಲಾಂಟ್‌ಗಳು ತಾಲೂಕು ತಾಲೂಕಿಗೆ ಹಂಚಿ ಹೋಗುತ್ತವೆ. ನೋಡಿಕೊಳ್ಳಲು ಅಲ್ಲಲ್ಲೇ ಜನ ಬೇಕು. ರೈತನೂ ರಾತ್ರಿ ಎರಡು ಗಂಟೆಗೆ ಎದ್ದು, ಹಾವು ಚೇಳು ನೋಡದೆ ಕತ್ತಲಲ್ಲಿ ನೀರು ಹಾಯಿಸಲು ಹೋಗುವುದು ತಪ್ಪುತ್ತದೆ. ಹಗಲು ಮೂರು ಫೇಸ್ ಬಂದರೆ ಹಳ್ಳಿಯ ವೆಲ್ಡಿಂಗ್ ಶಾಪ್, ಹಿಟ್ಟಿನ ಗಿರಣಿ ಕೂಡ ಸರಿಯಾಗಿ ನಡೆಯುತ್ತವೆ. ಉತ್ತರ ಕರ್ನಾಟಕದಲ್ಲಿ ಸೆಲ್ಕೋ ಅನ್ನುವ ಸೋಲಾರ್ ಸಂಸ್ಥೆಯವರು ಸೋಲಾರ್ ರೊಟ್ಟಿ ಮಶೀನ್ ಕೊಟ್ಟು ಹೆಂಗಸರು ರೊಟ್ಟಿ ವ್ಯಾಪಾರ ಮಾಡುತ್ತಿದ್ದಾರೆ. ಅದನ್ನೂ ಉದ್ಯೋಗದ ಲೆಕ್ಕಕ್ಕೆ ಸೇರಿಸಬೇಕು ಅಲ್ವಾ?

ಫ್ಯಾಕ್ಟರಿ ಮಾತೂ ಒಂದಿದೆ. ಐರೆನಾ ಅನ್ನುವ ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಜಗತ್ತಿನ ನವೀಕರಿಸಬಹುದಾದ ಇಂಧನದ ಉದ್ಯೋಗ 1 ಕೋಟಿ 62 ಲಕ್ಷ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಚೀನಾದಲ್ಲಿ. ಭಾರತದ್ದು ಸುಮಾರು 10 ಲಕ್ಷ. ಅವರು ಪ್ಯಾನೆಲ್ ಹಾಕುವುದಷ್ಟೇ ಅಲ್ಲ, ಜಗತ್ತಿಗೆಲ್ಲ ಮಾಡಿ ಕಳಿಸುತ್ತಾರೆ. ಈಗ ಸೂರ್ಯ ಘರ್ ಸಬ್ಸಿಡಿ ಸಿಗಬೇಕಾದರೆ ಪ್ಯಾನೆಲ್ ಒಳಗಿನ ಕರೆಂಟ್ ಹುಟ್ಟುವ ಸೆಲ್ ಕೂಡ ದೇಶದಲ್ಲೇ ಮಾಡಿದ್ದಾಗಿರಬೇಕು. ಗಿರಾಕಿಗೆ ಸ್ವಲ್ಪ ದುಬಾರಿ ಬೀಳುತ್ತದೆ, ನಿಜ. ಆದರೂ ನಾನು ಇದರ ಪರ. ಇಲ್ಲೇ ಫ್ಯಾಕ್ಟರಿ ಬಂದರೆ ನಮ್ಮ ಮಕ್ಕಳಿಗೆ ಇನ್ನೊಂದು ಬಾಗಿಲು ತೆಗೆದಂತೆ.

ತಮ್ಮಾ, ನಿನಗೆ ಈಗ ಕೆಲಸದ ಮಾತು ಹೇಳುತ್ತೇನೆ. ಪೀಣ್ಯದಲ್ಲಿ ಕಂಟ್ರೋಲ್ ಪ್ಯಾನೆಲ್ ವೈರಿಂಗ್ ಮಾಡಿದ ಕೈ ನಿನ್ನದು, ಅದು ಸಣ್ಣ ವಿಷಯ ಅಲ್ಲ. ಆದರೆ ನೀನು ಇಷ್ಟು ದಿನ ಕೆಲಸ ಮಾಡಿದ್ದು ಎಸಿ ಕರೆಂಟ್ ಮೇಲೆ. ಸೋಲಾರ್ ಡಿಸಿ, ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಆರು ಪ್ಯಾನೆಲ್ ಸೀರೀಸ್ ಮಾಡಿದರೆ 300 ವೋಲ್ಟ್ ಹತ್ತಿರ ಬರುತ್ತದೆ. ಬಿಸಿಲಿದ್ದಷ್ಟು ಹೊತ್ತು ಪ್ಯಾನೆಲ್‌ನಿಂದ ವೋಲ್ಟೇಜ್ ಬರುತ್ತಲೇ ಇರುತ್ತದೆ, ಆಫ್ ಮಾಡಲು ಆಗುವುದಿಲ್ಲ. ಎಸಿಯಲ್ಲಿ ಕಿಡಿ ಹಾರಿದರೆ ಕರೆಂಟ್ ಸೊನ್ನೆಗೆ ಬಂದಾಗ ಅದು ಆರಿ ಹೋಗಲು ಅವಕಾಶ ಇದೆ. ಡಿಸಿಯಲ್ಲಿ ಆ ಸೊನ್ನೆ ಇಲ್ಲ. ಹಿಡಿದ ಆರ್ಕ್ ಉರಿಯುತ್ತಲೇ ಇರುತ್ತದೆ.

ಹಾಗಾಗಿ ನನ್ನ ಹತ್ತಿರ ಬಂದ ಹುಡುಗರಿಗೆ ನಾನು ಮೊದಲು ಕಲಿಸುವುದು ಪ್ಯಾನೆಲ್ ಕೇಬಲ್‌ಗಳನ್ನು ಒಂದಕ್ಕೊಂದು ಸೇರಿಸುವ ಎಂಸಿ4 ಕನೆಕ್ಟರ್ ಹಾಕುವುದು. ನೋಡಲು ಬೆರಳುದ್ದದ ಪ್ಲಾಸ್ಟಿಕ್. ಕೇಬಲ್ ತುದಿ ಸುಲಿಯುವಾಗ ಒಂದು ಎಳೆಯೂ ತುಂಡಾಗಬಾರದು. ಎಲ್ಲ ಎಳೆಯೂ ಪಿನ್ ಒಳಗೆ ಹೋಗಬೇಕು. ಕ್ರಿಂಪಿಂಗ್ ಟೂಲ್‌ನಲ್ಲೇ ಒತ್ತಬೇಕು, ಕಟಿಂಗ್ ಪ್ಲೇಯರ್‌ನಲ್ಲಿ ಅಲ್ಲ. ಒತ್ತಿ ಎಳೆದು ನೋಡಬೇಕು. ಪಿನ್ ಒಳಗೆ ತಳ್ಳಿದಾಗ ಟಕ್ ಅಂತ ಕೂರಬೇಕು, ಹಿಂದಿನ ನಟ್ ಬಿಗಿ ಮಾಡಬೇಕು. ಒಂದು ಕಂಪನಿಯ ಗಂಡು, ಇನ್ನೊಂದು ಕಂಪನಿಯ ಹೆಣ್ಣು ಸೇರಿಸಬಾರದು. ಇದರಲ್ಲಿ ಅವಸರ ಮಾಡಿದ ಕೆಲಸ ಮೊದಲ ವರ್ಷ ಚೆನ್ನಾಗೇ ಓಡುತ್ತದೆ. ಎರಡನೇ ಬೇಸಿಗೆಗೆ ಕನೆಕ್ಟರ್ ಬಿಸಿಯಾಗಿ ಕರಗುತ್ತದೆ. ಹಿರಿಯೂರಿನ ಒಂದು ಕೋಳಿ ಫಾರಂನಲ್ಲಿ ಬೇರೆಯವರು ಹಾಕಿ ಹೋದ ಸಿಸ್ಟಮ್ ನೋಡಲು ಕರೆದಿದ್ದರು. ಸ್ಟ್ರಕ್ಚರ್ ಕೆಳಗೆ ಬಗ್ಗಿ ನೋಡಿದರೆ ಎರಡು ಕನೆಕ್ಟರ್ ಅಂಟಿಕೊಂಡು ಕರಿ ಮುದ್ದೆಯಾಗಿದ್ದವು, ಪಕ್ಕದಲ್ಲೇ ಒಣ ಗರಿಯ ಚಪ್ಪರ. ದೇವರ ದಯೆ, ಬೆಂಕಿ ಹತ್ತಿರಲಿಲ್ಲ. ಇಂಥ ರಿಪೇರಿ ಕರೆಗಳು ಈಗ ವಾರಕ್ಕೊಂದಾದರೂ ಬರುತ್ತವೆ. ಹಾಕುವವರು ಜಾಸ್ತಿಯಾದ ಹಾಗೆ ಸರಿ ಮಾಡುವವರ ಕೆಲಸವೂ ಜಾಸ್ತಿ.

ವೈರ್‌ಮನ್ ಪರ್ಮಿಟ್ ಮಾಡಿಸಿಕೋ. ವಿದ್ಯುತ್ ಪರಿವೀಕ್ಷಣಾಲಯದಲ್ಲಿ ಅರ್ಜಿ ಹಾಕಬೇಕು. ಕೋರ್ಸ್ ಸರ್ಟಿಫಿಕೇಟ್‌ಗಿಂತ ಅದಕ್ಕೆ ಬೆಲೆ. ಛಾವಣಿ ಮೇಲೆ ಸೇಫ್ಟಿ ಬೆಲ್ಟ್ ಹಾಕಿಸದ ಮಾಲೀಕನ ಹತ್ತಿರ ಒಂದು ದಿನವೂ ಇರಬೇಡ, ಎಷ್ಟೇ ಸಂಬಳ ಕೊಡಲಿ. ಶೀಟ್ ಛಾವಣಿ ಮುರಿದು ಬಿದ್ದ ಹುಡುಗರನ್ನು ನಮ್ಮ ಲೈನ್‌ನಲ್ಲಿ ನೋಡಿದ್ದೇವೆ. ಪಿಎಫ್, ಇಎಸ್‌ಐ ಕೇಳು. ಕೇಳುವುದಕ್ಕೆ ಸಂಕೋಚ ಬೇಡ.

ಚಳ್ಳಕೆರೆ ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ತರಬೇತಿ ಕೇಂದ್ರಕ್ಕೆ ಬೇಡ ಅಂತ ಹೇಳಿಬಿಟ್ಟೆ. ಮಾವನಿಗೂ ಓದಿ ಹೇಳಿದೆ. ತಿರುಮಣಿ ಅಕ್ಕ, ನಮ್ಮ ಪಕ್ಕದ ಹೊಲದವರ ಹತ್ತಿರ ಒಬ್ಬ ಏಜೆಂಟ್ ಬಂದು ಹೋಗಿದ್ದಾನಂತೆ. ನಿಮ್ಮ ಮಾತು ಅಪ್ಪನಿಗೆ ಹೇಳುತ್ತೇನೆ.

ಶಿರಾ ಅಣ್ಣ, ಪರ್ಮಿಟ್‌ಗೆ ಅರ್ಜಿ ಹಾಕುತ್ತೇನೆ. ಭಾನುವಾರ ನನಗೆ ರಜೆ. ಸಂಬಳ ಬೇಡ, ನಿಮ್ಮ ಸೈಟ್‌ಗೆ ಬಂದು ಒಂದಷ್ಟು ದಿನ ಕೆಲಸ ನೋಡಬಹುದಾ?

ಶಿರಾ ಸೋಲಾರ್:

ಬಾ. ಆದರೆ ಸಂಬಳ ಬೇಡ ಅಂತ ಯಾರ ಹತ್ತಿರವೂ ಹೇಳಬೇಡ, ನನ್ನ ಹತ್ತಿರವೂ ಬೇಡ. ಹೆಲ್ಪರ್‌ಗೆ ಕೊಡುವ ದಿನಗೂಲಿ ಕೊಡುತ್ತೇನೆ, ಊಟ ನಮ್ಮ ಜೊತೆಗೇ. ಮುಂದಿನ ಭಾನುವಾರ ಒಂದು ಹಾಸ್ಟೆಲ್ ಛಾವಣಿ ಕೆಲಸ ಇದೆ. ಅಡ್ರೆಸ್ ಮೆಸೇಜ್ ಮಾಡುತ್ತೇನೆ. ಬಿಸಿಲು ಏರುವ ಮುಂಚೆ ಸ್ಟ್ರಕ್ಚರ್ ಮುಗಿಸಬೇಕು, ಬೆಳಿಗ್ಗೆ ಆರೂವರೆಗೆ ಅಲ್ಲಿರು. ಚಪ್ಪಲಿ ಹಾಕಿಕೊಂಡು ಬಂದರೆ ಏಣಿ ಹತ್ತಿಸುವುದಿಲ್ಲ, ಶೂ ಇರಲಿ. ಟಾಂಗ್ ಟೆಸ್ಟರ್ ಇದ್ದರೆ ತಾ. ಅದು ಡಿಸಿ ಅಳೆಯುತ್ತದಾ ಅಂತ ಮೊದಲು ನೋಡಿಕೋ, ಪೀಣ್ಯದಲ್ಲಿ ಬಳಸುವುದು ಬಹಳಷ್ಟು ಎಸಿ ಮಾತ್ರ ಅಳೆಯುವಂಥದ್ದು.